ಬಣ್ಣಕ್ಕಿಂತ ಮೊದಲು ಸಂದು

ನಮ್ಮ ಹುಬ್ಬಳ್ಳಿಯ ನವನಗರದ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ತಾಡಪತ್ರಿ ಹೊದ್ದು ನಿಂತ ಹಳೆಯ ಕಾರುಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಒಂದು ಅಂಗಳದಲ್ಲಿ ಅಂಬಾಸಿಡರ್, ಮತ್ತೊಂದರಲ್ಲಿ ಪ್ರೀಮಿಯರ್ ಪದ್ಮಿನಿ, ಎಲ್ಲೋ ಅಪರೂಪಕ್ಕೆ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಅಪ್ಪನೋ ಅಜ್ಜನೋ ಕೊಂಡದ್ದು. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಈಚೆಗೆ ಇಂಥ ಗಾಡಿಗಳನ್ನು ಮತ್ತೆ ರಸ್ತೆಗಿಳಿಸುವ ಆಸೆ ಹಲವರಲ್ಲಿ ಹುಟ್ಟಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗಾಗಿಯೇ ನೋಂದಣಿ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಆಮೇಲೆ ಮರುನೋಂದಣಿಗೆ 5,000. ಪದ್ಮಿನಿ ಎಂಬ ಹೆಸರಿನಲ್ಲಿ ಕಾರು ಬರತೊಡಗಿದ್ದು 1974ರ ಸುಮಾರಿಗೆ. ಆ ಮೊದಮೊದಲಿನ ಗಾಡಿಗಳಿಗೆ ಈಗ ಐವತ್ತು ತುಂಬಿದೆ.

ಇದು ಸಂತೋಷದ ಸಂಗತಿ. ಆದರೆ ಗಾಡಿಯನ್ನು ಗ್ಯಾರೇಜಿಗೆ ಬಿಡುವವರು ಮೊದಲು ಕೇಳುವುದು ಬಣ್ಣದ ಮಾತು. ಯಾವ ಬಣ್ಣ ಚೆಂದ, ಎಷ್ಟು ಕೋಟು ಹೊಡೆಯುತ್ತೀರಿ, ಬಂಪರಿಗೆ ಕ್ರೋಮ್ ಮಾಡಿಸಲು ಎಷ್ಟಾಗುತ್ತದೆ. ಸಂದುಗಳ ಬಗ್ಗೆ ಕೇಳುವವರು ಕಡಿಮೆ. ತಗಡಿಗೆ ತಗಡು ಕೂಡುವ ಆ ಜಾಗಗಳ ಬಗ್ಗೆಯೇ ಇವತ್ತು ಮಾತಾಡಬೇಕೆಂದು ಬಂದಿದ್ದೇನೆ. ಹಳೆಯ ಕಾರು ಸಾಯುವುದು ಅಲ್ಲಿಂದ. ಸಂದುಗಳನ್ನು ಬಿಚ್ಚಿ ನೋಡಿ, ಶುದ್ಧ ಮಾಡಿ, ನೀರು ಹೋಗದ ಹಾಗೆ ಮುಚ್ಚದೆ ಹೊಡೆದ ಬಣ್ಣ ಎಷ್ಟೇ ದುಬಾರಿಯದಾಗಿರಲಿ, ಎರಡು ಮೂರು ಮಳೆಗಾಲ ಕಂಡರೆ ಹೆಚ್ಚು.

ಕಾರಿನ ಮೈ ಹೇಗೆ ಕಟ್ಟುತ್ತಾರೆಂದು ಸ್ವಲ್ಪ ನೋಡೋಣ. ನೆಲದ ತಗಡು, ಛಾವಣಿ, ಬದಿಯ ಕಂಬಗಳು, ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಾಕಾರದ ತೊಲೆ, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ, ಇವನ್ನೆಲ್ಲ ಪ್ರೆಸ್ಸಿನಲ್ಲಿ ಬೇರೆ ಬೇರೆ ಒತ್ತಿ ತೆಗೆಯುತ್ತಾರೆ. ಆಮೇಲೆ ಅಂಚಿನ ಮೇಲೆ ಅಂಚು ಇಟ್ಟು ಚುಕ್ಕೆ ಚುಕ್ಕೆಯಾಗಿ ಬೆಸುಗೆ ಹಾಕುತ್ತಾರೆ. ಗ್ಯಾರೇಜಿನವರು ಇದನ್ನು ‘ಸ್ಪಾಟ್’ ಎನ್ನುತ್ತಾರೆ. ಎರಡು ತಾಮ್ರದ ಕಡ್ಡಿಗಳ ನಡುವೆ ತಗಡುಗಳನ್ನು ಒತ್ತಿ ಹಿಡಿದು ಕ್ಷಣಮಾತ್ರ ಭಾರಿ ವಿದ್ಯುತ್ ಹರಿಸಿದರೆ ಆ ಬಿಂದುವಿನಲ್ಲಿ ಎರಡೂ ಕರಗಿ ಒಂದಾಗುತ್ತವೆ. ಒಂದೆರಡು ಅಂಗುಲಕ್ಕೊಂದು ಚುಕ್ಕೆ. ಚುಕ್ಕೆಯಿದ್ದಲ್ಲಿ ತಗಡು ಒಂದು. ಚುಕ್ಕೆಗಳ ನಡುವೆ ಎರಡೇ. ಅಲ್ಲಿ ಕೂದಲೆಳೆಯಷ್ಟು ಬಿಡುವು ಉಳಿದೇ ಉಳಿಯುತ್ತದೆ. ತಗಡಿನ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರಿಗಿಂತ ತುಸು ಕಡಿಮೆ.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. 1953ರಲ್ಲಿ ಆ ಕಾರು ಹೊಸ ರೂಪದಲ್ಲಿ ಬಂದಾಗ ಅದಕ್ಕೆ ಪ್ರತ್ಯೇಕ ಚಾಸಿ ಇರಲಿಲ್ಲ. ಅಂಬಾಸಿಡರಿನ ಮೂಲವಾದ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರಿಗೂ ಇರಲಿಲ್ಲ. ಈ ಎರಡು ಗಾಡಿಗಳಲ್ಲಿ ಮೈಯೇ ಚಾಸಿ. ಇಂಜಿನ್ನಿನ ಭಾರ, ಕೂತವರ ಭಾರ, ತೆಗ್ಗು ದಿಣ್ಣೆಯ ಹೊಡೆತ ಎಲ್ಲವನ್ನೂ ಹೊರುವುದು ಈ ಬೆಸೆದ ಸಂದುಗಳು. ಹೆರಾಲ್ಡಿನಲ್ಲಿ, ಜೀಪಿನಲ್ಲಿ ಕೆಳಗೆ ಬೇರೆ ಚೌಕಟ್ಟು ಇರುವುದರಿಂದ ಮೈಗೆ ಜಂಗು ಹತ್ತಿದರೂ ಗಾಡಿ ನಿಂತಿರುತ್ತದೆ. ಪದ್ಮಿನಿಯ ಬಾಗಿಲ ಕೆಳಗಿನ ತೊಲೆ ಒಳಗಿಂದ ತಿಂದು ಹೋದರೆ ಹಾಗಲ್ಲ; ಜಾಕ್ ಕೊಟ್ಟು ಎತ್ತಿದಾಗ ಗಾಡಿ ನಡುವಿನಲ್ಲಿ ಬಾಗಿ ಬಾಗಿಲು ಹಾಕಲು ಬರುವುದಿಲ್ಲ. ಹಳೆಯ ಗಾಡಿ ಕೊಳ್ಳುವವರು ಇದೊಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಬದಿಗೆ ಜಾಕ್ ಕೊಡಿ, ಆ ಬದಿಯ ಬಾಗಿಲು ತೆಗೆದು ಹಾಕಿ ನೋಡಿ. ಬಾಗಿಲಂಚಿನ ಅಂತರ ಬದಲಾದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ.

ಈಗಿನ ಕಾರ್ಖಾನೆಗಳಲ್ಲಿ ಬೆಸುಗೆ ಮುಗಿದ ಇಡೀ ಮೈಯನ್ನು ಪ್ರೈಮರ್ ತುಂಬಿದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ, ಮೂಲೆ ಮೂಲೆಗೂ ಪ್ರೈಮರ್ ಕೂರುವಂತೆ ಮಾಡುತ್ತಾರೆ. ಆಮೇಲೆ ಸಂದುಗಳ ಉದ್ದಕ್ಕೂ ಸೀಲರ್ ಎಳೆಯುತ್ತಾರೆ. ತಗಡಿಗೇ ಸತುವಿನ ಲೇಪ ಇರುವುದೂ ಉಂಟು. ಜರ್ಮನಿಯ ಪೋರ್ಷೆ ಇದನ್ನು 1970ರ ದಶಕದ ನಡುವಿನಲ್ಲೇ ಆರಂಭಿಸಿತು. ಅದೇ ದಶಕದ ಇನ್ನೊಂದು ಹೆಸರಾಂತ ಕಂಪನಿ, ಇಟಲಿಯ ಲ್ಯಾನ್ಸಿಯಾ, ತನ್ನ ಬೀಟಾ ಕಾರುಗಳು ಬ್ರಿಟನ್ನಿನಲ್ಲಿ ಬುಡದಲ್ಲೇ ತುಕ್ಕು ತಿಂದು ಹೋದವೆಂದು 1980ರಲ್ಲಿ ಅವನ್ನು ಗಿರಾಕಿಗಳಿಂದ ಮರಳಿ ಕೊಳ್ಳಬೇಕಾಯಿತು. ಆ ಮಾರುಕಟ್ಟೆಯಲ್ಲಿ ಅದರ ಹೆಸರು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ನಮ್ಮ ಹಳೆಯ ಗಾಡಿಗಳ ಕಾಲದಲ್ಲಿ ಸಂದುಗಳಿಗೆ ಹಚ್ಚುತ್ತಿದ್ದದ್ದು ಹೆಚ್ಚಾಗಿ ಡಾಂಬರು, ರಬ್ಬರು, ಎಣ್ಣೆ ಆಧಾರದ ಮಂದವಾದ ಲೇಪ. ಹೊಸದರಲ್ಲಿ ಅದು ಮೆತ್ತಗಿದ್ದು ತಗಡಿನ ಜೊತೆ ಬಾಗುತ್ತಿತ್ತು. ಮೂವತ್ತು ನಲವತ್ತು ವರ್ಷಗಳಲ್ಲಿ ಅದರ ಎಣ್ಣೆಯಂಶ ಆರಿ, ಗಟ್ಟಿಯಾಗಿ ಬಿರಿದುಕೊಂಡಿರುತ್ತದೆ. ಬಿರಿದ ಲೇಪ ಇಲ್ಲದ ಲೇಪಕ್ಕಿಂತ ಕೆಟ್ಟದ್ದು. ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಆರಲು ಬಿಡುವುದಿಲ್ಲ.

ನೀರು ಅಷ್ಟು ಸಣ್ಣ ಬಿಡುವಿನೊಳಗೆ ಯಾಕೆ ಹೋಗುತ್ತದೆ? ಸಣ್ಣದಾಗಿರುವುದಕ್ಕೇ ಹೋಗುತ್ತದೆ. ಎರಡು ಗಾಜಿನ ಹಲಗೆಗಳನ್ನು ಒಂದಕ್ಕೊಂದು ಆನಿಸಿ ಹಿಡಿದು ಅಂಚನ್ನು ನೀರಿಗೆ ತಾಕಿಸಿದರೆ ನೀರು ತಾನಾಗಿ ಮೇಲೇರುವುದನ್ನು ಶಾಲೆಯ ಪ್ರಯೋಗದಲ್ಲಿ ನೋಡಿರುತ್ತೀರಿ. ಹಲಗೆಗಳು ಎಷ್ಟು ಹತ್ತಿರವೋ ನೀರು ಅಷ್ಟು ಎತ್ತರಕ್ಕೆ ಏರುತ್ತದೆ. ಕಾರಿನ ಸಂದಿನಲ್ಲಿ ಆಗುವುದೂ ಇದೇ. ಹೊರಮೈ ಮೇಲಿನ ನೀರು ಬಿಸಿಲಿಗೆ ಅರ್ಧ ಗಂಟೆಯಲ್ಲಿ ಆರುತ್ತದೆ, ಸಂದಿನೊಳಗೆ ಹೋದದ್ದು ದಿನಗಟ್ಟಲೆ ಕೂರುತ್ತದೆ. ಅಲ್ಲಿಂದ ಮುಂದಿನ ಕೆಲಸ ರಸಾಯನದ್ದು. ಸಂದಿನ ಬಾಯಲ್ಲಿರುವ ನೀರಿಗೆ ಗಾಳಿಯಿಂದ ಆಮ್ಲಜನಕ ಸಾಕಷ್ಟು ಸಿಗುತ್ತದೆ. ಒಳಗಿನ ನೀರಿಗೆ ಸಿಗುವುದಿಲ್ಲ. ಈ ವ್ಯತ್ಯಾಸದಿಂದ ಒಂದೇ ತಗಡಿನ ಎರಡು ಜಾಗಗಳ ನಡುವೆ ಸಣ್ಣ ವಿದ್ಯುತ್ ಕೋಶವೊಂದು ಏರ್ಪಡುತ್ತದೆ. ಅದರಲ್ಲಿ ಕರಗುತ್ತ ಹೋಗುವುದು ಆಮ್ಲಜನಕ ಕಡಿಮೆ ಇರುವ ಜಾಗ, ಅಂದರೆ ನಮ್ಮ ಕಣ್ಣಿಗೆ ಕಾಣದ ಒಳಭಾಗ. ಹುಟ್ಟಿದ ತುಕ್ಕು ಕರಗಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗ ಸಾಲದೆ ಅದು ಎರಡು ತಗಡುಗಳನ್ನು ದೂಡುತ್ತದೆ, ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಕೀಳುತ್ತದೆ, ಬಿಡುವು ದೊಡ್ಡದಾಗಿ ಇನ್ನಷ್ಟು ಮಣ್ಣು ನೀರು ಒಳಗೆ ಬರುತ್ತದೆ. ಬಣ್ಣದ ಮೇಲೆ ಕಡಲೆಕಾಳಿನಷ್ಟು ಗುಳ್ಳೆ ಎದ್ದು ಮಾಲೀಕರ ಗಮನಕ್ಕೆ ಬರುವ ಹೊತ್ತಿಗೆ ಒಳಗೆ ಗೇಣುದ್ದ ಹೋಗಿರುತ್ತದೆ.

“ನಮ್ಮ ಕಡೆ ಸಮುದ್ರ ಇಲ್ಲ, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಪದ್ಧತಿಯೂ ಇಲ್ಲ, ಇಷ್ಟೇಕೆ ಹೆದರಬೇಕು?” ಎಂದು ಕೇಳುವವರಿದ್ದಾರೆ. ಕಬ್ಬಿಣಕ್ಕೆ ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದು ಮುಖ್ಯ. ಧೋ ಎಂದು ಸುರಿದು ನಿಂತು ಬಿಸಿಲು ಬೀಳುವ ಮಳೆ ಅಷ್ಟು ಕೆಡುಕಲ್ಲ. ನಮ್ಮ ಧಾರವಾಡದ ಕಡೆಯ ಆಷಾಢ ಶ್ರಾವಣದ ಜಿಟಿಜಿಟಿ ಹಾಗಲ್ಲ. ವಾರಗಟ್ಟಲೆ ಸೂರ್ಯನ ಮುಖ ಕಾಣಿಸದೆ ಗಾಡಿ ಒದ್ದೆಯಾಗಿಯೇ ನಿಂತಿರುತ್ತದೆ. ಇನ್ನು ಮಣ್ಣು. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಮೂಡಲಕ್ಕೆ ನವಲಗುಂದ, ಅಣ್ಣಿಗೇರಿ ಕಡೆ ಎರಿ ಮಣ್ಣು. ಎರಿ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಒಮ್ಮೆ ಹೋಗಿ ಬಂದ ಗಾಡಿಯ ಚಕ್ರದ ಕಮಾನಿನೊಳಗೆ ಕೈ ಹಾಕಿ ನೋಡಿ. ಮೆತ್ತಿಕೊಂಡ ಮಣ್ಣು ಮೇಲೆ ಒಣಗಿದಂತೆ ಕಂಡರೂ ತಗಡಿಗೆ ತಾಗಿದ ಪದರ ತೇವವಾಗಿಯೇ ಇರುತ್ತದೆ. ಬೆಳೆಗೆ ತಿಂಗಳುಗಟ್ಟಲೆ ತೇವ ಹಿಡಿದುಕೊಡುವ ಮಣ್ಣು ಅದು. ಕಬ್ಬಿಣದ ಬಳಿಯೂ ತನ್ನ ಗುಣ ಬಿಡುವುದಿಲ್ಲ. ನವನಗರದ ಅಂಗಳಗಳಲ್ಲಿ ಹೊಂಗೆ, ಮಾವಿನ ಮರದ ಕೆಳಗೆ ನಿಂತ ಕಾರುಗಳಲ್ಲಿ ಮುಂದಿನ ಗಾಜಿನ ಬುಡಕ್ಕೆ ಎಲೆ ಉದುರಿ ಕೊಳೆತು ಇನ್ನೊಂದು ಒದ್ದೆ ಮೂಲೆಯಾಗುತ್ತದೆ. ಪ್ಲಾಸ್ಟಿಕ್ಕಿನ ತಾಡಪತ್ರಿಯನ್ನು ನೆಲದವರೆಗೆ ಬಿಗಿದು ಕಟ್ಟಿದರೆ ನೆಲದ ತೇವ ಮೇಲೆದ್ದು ಒಳಗೇ ಹನಿಗಟ್ಟುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ, ಮೇಲೊಂದು ತಗಡಿನ ಚಪ್ಪರ, ಕೆಳಗೆ ಗಚ್ಚಿನ ನೆಲ ಇದ್ದರೆ ಒಳ್ಳೆಯದು.

ಅಂಕೋಲಾ, ಕಾರವಾರದ ಕಡೆಯಿಂದ ಅರಬೈಲು ಘಟ್ಟ ಹತ್ತಿ ಬಂದ ಗಾಡಿಯಾಗಿದ್ದರೆ, ಮುಂಬೈಯಲ್ಲಿ ಬಾಳಿ ಬಂದದ್ದಾಗಿದ್ದರೆ, ಸಂದುಗಳಲ್ಲಿ ಸಮುದ್ರದ ಉಪ್ಪು ಕೂತಿರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿ ಒದ್ದೆಯಾಗುತ್ತದೆ. ಒಂದು ಹನಿ ಮಳೆ ಬೀಳದಿದ್ದರೂ ಅಂಥ ಸಂದಿನಲ್ಲಿ ತುಕ್ಕು ನಡೆದೇ ಇರುತ್ತದೆ. ಸಂದು ಬಿಚ್ಚಿದ ಮೇಲೆ ಸಿಹಿ ನೀರಿನಿಂದ ತೊಳೆದು ಪೂರಾ ಆರಿಸಿಯೇ ಮುಂದಿನ ಕೆಲಸ.

ಇದೇ ಊರಿನಲ್ಲಿ ಈ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲವರಿದ್ದಾರೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ 1880ರ ದಶಕದ್ದು, ಸದರ್ನ್ ಮರಾಠಾ ರೈಲ್ವೆಯ ಕಾಲದ್ದು. ಮದ್ರಾಸಿನ ಪೆರಂಬೂರಿನ ಕಾರ್ಖಾನೆ 1955ರಿಂದ ಉಕ್ಕಿನ ಬೋಗಿಗಳನ್ನು ಕಟ್ಟತೊಡಗಿದ ಮೇಲೆ, ಅವು ದುರಸ್ತಿಗೆ ಬಂದಾಗಲೆಲ್ಲ ವರ್ಕ್‌ಶಾಪುಗಳ ದೊಡ್ಡ ಕೆಲಸಗಳಲ್ಲಿ ಒಂದು ತುಕ್ಕಿನದು. ಎಲ್ಲಿ ಹೆಚ್ಚು ತಿನ್ನುತ್ತಿತ್ತು? ಬೋಗಿಯ ಅಗಲವಾದ ಬದಿಯಲ್ಲಲ್ಲ. ಶೌಚಾಲಯದ ಕೆಳಗೆ, ಬಾಗಿಲ ಬುಡದಲ್ಲಿ, ನೆಲದ ತಗಡು ಬದಿಯ ತೊಲೆಗೆ ಕೂಡುವಲ್ಲಿ. ನೀರು ನಿಲ್ಲುವ, ಎರಡು ತಗಡು ಸೇರುವ ಜಾಗಗಳಲ್ಲಿ. ತುಕ್ಕು ತಡೆಯಲೆಂದೇ ಬೇರೆ ಮಿಶ್ರಣದ ಉಕ್ಕನ್ನು ಬಳಸಿ ನೋಡಿದರು. ಕಡೆಗೆ ಬಂದದ್ದು ಸ್ಟೇನ್‌ಲೆಸ್ ಉಕ್ಕಿನ ಎಲ್‌ಎಚ್‌ಬಿ ಬೋಗಿಗಳು. ಪೆರಂಬೂರು 2018ರಲ್ಲಿ ಹಳೆಯ ಮಾದರಿಯನ್ನು ಕಟ್ಟುವುದನ್ನೇ ನಿಲ್ಲಿಸಿತು. ಹುಬ್ಬಳ್ಳಿಯಲ್ಲಿ ನಿವೃತ್ತ ರೈಲ್ವೆ ಕೆಲಸಗಾರರೊಬ್ಬರು ಪರಿಚಯದಲ್ಲಿದ್ದರೆ ನಿಮ್ಮ ಗಾಡಿಯನ್ನು ಒಮ್ಮೆ ಅವರಿಗೆ ತೋರಿಸಿ. ಎಲ್ಲಿ ಚುಚ್ಚಿ ನೋಡಬೇಕೆಂದು ಅವರಿಗೆ ಗೊತ್ತಿರುತ್ತದೆ.

ಈಗ ಕೆಲಸ ನಡೆಯುವ ಜಾಗಕ್ಕೆ ಬರೋಣ. ಪಿ.ಬಿ. ರಸ್ತೆಯ ಬದಿಯ ಒಂದು ಸಣ್ಣ ಗ್ಯಾರೇಜು. ಹೊರಗಿನಿಂದ ನೋಡಿದರೆ ಮಿರಮಿರ ಮಿಂಚುವ ಕೆನೆಬಣ್ಣದ ಪದ್ಮಿನಿ. ಅಲ್ಲಿಯ ಟಿಂಕರಿಂಗ್ ಉಸ್ತಾದರು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಬಾಗಿಲ ಕೆಳಗಿನ ತೊಲೆಯನ್ನು ಮುಂದಿನಿಂದ ಹಿಂದಕ್ಕೆ ಬಡಿಯುತ್ತ ಹೋದರು. ಠಣ್, ಠಣ್, ಠಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಸಪ್ಪಳ ಸತ್ತು ‘ದಪ್’ ಎಂದಿತು.

“ಕೇಳಿದ್ರಿಲ್ಲೋ ಸರ? ಇಲ್ಲಿ ತಗಡ ಇಲ್ಲರಿ, ಪುಟ್ಟಿ ಐತಿ. ಯಾರೋ ತೂತಿಗೆ ಪುಟ್ಟಿ ತುಂಬಿ ಮ್ಯಾಲ ಬಣ್ಣಾ ಹೊಡದಾರ.”

“ಹಂಗಾರ ಎಷ್ಟು ಬಿಚ್ಚಬೇಕಾಗ್ತದ ಉಸ್ತಾದ?”

“ಚಲೋ ತಗಡ ಸಿಗೂ ಮಟಾ ಬಿಚ್ಚಬೇಕ್ರಿ. ಅರ್ಧಾ ಬಿಚ್ಚಿದ್ರ ಬಿಚ್ಚಿದ್ದಕ್ಕ ಅರ್ಥ ಇಲ್ಲ.”

ಮಾತಿಗೆ ತಕ್ಕಂತೆ ಅವರು ಬಣ್ಣ ಕೆರೆದು, ಸ್ಪಾಟಿನ ಗುಳಿಗಳನ್ನು ಹುಡುಕಿ ಒಂದೊಂದರ ಮೇಲೂ 8 ಮಿಲಿಮೀಟರಿನ ಡ್ರಿಲ್ ಇಟ್ಟರು. ಮೇಲಿನ ತಗಡು ಮಾತ್ರ ತೂತಾಗಬೇಕು, ಕೆಳಗಿನದಕ್ಕೆ ತಾಗಬಾರದು. ಆಮೇಲೆ ತೆಳ್ಳನೆಯ ಉಳಿ ಹಾಕಿ ಮೀಟಿದಾಗ ಸಂದು ಬಾಯಿ ಬಿಟ್ಟಿತು. ಒಳಗಿಂದ ಬಿದ್ದದ್ದು ಕಂದು ಕಪ್ಪು ಬಣ್ಣದ ಪದರ ಪದರ ತುಕ್ಕು, ಜೊತೆಗೆ ಒಂದು ಬೊಗಸೆ ಒಣ ಮಣ್ಣು. ಹಳೆಯ ಲೇಪದ ಚೂರುಗಳನ್ನು ಬೆರಳಲ್ಲಿ ಒತ್ತಿದರೆ ಪುಡಿಪುಡಿ.

ಇಲ್ಲಿಂದ ಮುಂದೆ ಅನುಕ್ರಮವೇ ಸರ್ವಸ್ವ. ಕೆಟ್ಟ ತಗಡನ್ನು ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಅದೇ ಮಡಿಕೆಗೆ ಬಾಗಿಸಬೇಕು. ಉಳಿದ ತಗಡಿನ ಗುಳಿಗಳಿಂದ ತುಕ್ಕನ್ನು ತಂತಿ ಬ್ರಷ್ಷಿನಿಂದ ಬೆಳ್ಳಗೆ ಕಾಣುವವರೆಗೆ ತೆಗೆಯಬೇಕು. ತುಕ್ಕು ತೆಗೆಯುವ ಆಮ್ಲ ಹಚ್ಚಿದ್ದರೆ ಅದನ್ನು ತೊಳೆದು ಒಣಗಿಸಲೇಬೇಕು. ಆಮ್ಲದ ಶೇಷದ ಮೇಲೆ ಎಪಾಕ್ಸಿ ಪ್ರೈಮರ್ ಹಿಡಿಯುವುದಿಲ್ಲ. ಬೆಸುಗೆಗೆ ಮೊದಲು, ಒಂದಕ್ಕೊಂದು ತಾಗುವ ಎರಡೂ ಮುಖಗಳಿಗೆ ಸತುವಿನ ಪ್ರೈಮರ್ ಬಳಿಯಬೇಕು. ಬೆಸುಗೆ ಆದ ಮೇಲೆ ಆ ಮುಖಗಳಿಗೆ ಕೈ ಹೋಗುವುದೇ ಇಲ್ಲ, ಅವಕಾಶ ಆಗ ಮಾತ್ರ. ಸತು ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಕೊರೆದ ತೂತುಗಳನ್ನೇ ಬೆಸುಗೆಯಿಂದ ತುಂಬಿದರೆ ಹಳೆಯ ಸ್ಪಾಟಿನಷ್ಟೇ ಗಟ್ಟಿ ಹಿಡಿತ ಸಿಗುತ್ತದೆ. ಗ್ಯಾಸ್ ಬೆಸುಗೆಯ ಉರಿ ತಗಡನ್ನು ಸೊಟ್ಟ ಮಾಡುತ್ತದೆ, ಸುತ್ತಲಿನ ಪ್ರೈಮರನ್ನೂ ಸುಡುತ್ತದೆ. ಮಿಗ್ ಬೆಸುಗೆ ಯಂತ್ರ ಇರುವ ಗ್ಯಾರೇಜನ್ನೇ ಹುಡುಕಿ. ಸತು ಸುಡುವ ಹೊಗೆ ಕೆಟ್ಟದ್ದು, ಬಾಗಿಲು ತೆರೆದಿಟ್ಟೇ ಮಾಡಲು ಹೇಳಿ.

ಬೆಸುಗೆಯಾಗಿ, ಉಜ್ಜಿ, ಥಿನ್ನರಿನಿಂದ ಒರೆಸಿದ ಮೇಲೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್. ಅಂದು ಉಸ್ತಾದರು ಸ್ಪ್ರೇ ಗನ್ ಮುಟ್ಟಲಿಲ್ಲ. ಸಣ್ಣ ಗಡುಸು ಬ್ರಷ್ಷಿನಿಂದ ಪ್ರೈಮರನ್ನು ಸಂದಿನೊಳಕ್ಕೆ ಕುಕ್ಕಿ ಕುಕ್ಕಿ ತುಂಬಿದರು. ಗನ್ನಿನ ಗಾಳಿ ಸಂದಿನ ಬಾಯಿಗೆ ಬಡಿದು ಹಿಂದೆ ಸರಿಯುತ್ತದೆ, ಒಳಗೆ ಹೋಗುವುದಿಲ್ಲ ಎಂಬುದು ಅವರ ಅನುಭವ. ಸೀಲರ್ ಬಂದದ್ದು ಮರುದಿನ. ನಳಿಕೆಯ ತುದಿಯನ್ನು ಸಂದಿನ ಅಗಲಕ್ಕೆ ಓರೆಯಾಗಿ ಕೊಯ್ದು, ಸಂದಿಗೆ ಒತ್ತಿ ಹಿಡಿದು ನಿಧಾನಕ್ಕೆ ಎಳೆದರು. ಎಳೆದ ಮೇಲೆ ಕೈಗವಸಿನ ಬೆರಳನ್ನು ಒದ್ದೆ ಮಾಡಿ ಅದನ್ನು ಒಳಕ್ಕೆ ಒತ್ತುತ್ತ ಬಂದರು. ಈ ಒತ್ತುವುದನ್ನೇ ಬಹಳ ಜನ ಬಿಡುತ್ತಾರೆ. ಮೇಲೆ ಹಗ್ಗದಂತೆ ಕೂತ ಸೀಲರ್ ನೋಡಲು ದಪ್ಪಗಿದ್ದರೂ ಕೆಳಗೆ ಪೊಳ್ಳು ಉಳಿದಿರುತ್ತದೆ. ಅಂಚು ಎದ್ದರೆ ನೀರಿಗೆ ದಾರಿ.

“ಒಣಗಾಕ ಬಿಡ್ರಿ ಸರ, ಅವಸರ ಮಾಡಬ್ಯಾಡ್ರಿ. ಮ್ಯಾಲ ಗಟ್ಟಿ ಆದಂಗ ಕಾಣತೈತಿ, ಒಳಗ ಹಸಿ ಇರತೈತಿ,” ಎಂದರು. ಅವರ ಮಾತು ಸರಿ. ಪಾಲಿಯುರೆಥೇನ್ ಸೀಲರ್ ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ, ದಿನಕ್ಕೆ ಮೂರು ಮಿಲಿಮೀಟರಿನ ಆಸುಪಾಸು.

ಪದಾರ್ಥದ ಆಯ್ಕೆಯ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾದ ಕೆಲವು ಮಾತುಗಳಿವೆ. ಸಂದಿಗೆ ಬೇಕಾದದ್ದು ಒಣಗಿದ ಮೇಲೂ ರಬ್ಬರಿನಂತೆ ಬಾಗುವ, ಮೇಲೆ ಬಣ್ಣ ಹಿಡಿಯುವ, ಕಾರಿನ ಮೈಗೆಂದೇ ಮಾಡಿದ ಸೀಲರ್. ಪಾಲಿಯುರೆಥೇನ್ ಆಗಬಹುದು, ಎಂಎಸ್ ಪಾಲಿಮರ್ ಆಗಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ನಾನದ ಮನೆಯ ಸಂದಿಗೆಂದು ಕೊಡುವ ಸಿಲಿಕೋನನ್ನು ಕಾರಿಗೆ ಹಚ್ಚಲು ಬಿಡಬೇಡಿ. ಅದರ ಮೇಲೆ ಬಣ್ಣ ಕೂರುವುದಿಲ್ಲ. ಒಂದಿಷ್ಟು ಸವರಿದ ಜಾಗದ ಸುತ್ತೆಲ್ಲ ಬಣ್ಣ ಮೀನುಕಣ್ಣಿನಂತೆ ಸಿಡಿದು ನಿಲ್ಲುತ್ತದೆ. ಹಚ್ಚುವಾಗ ಹುಳಿ ವಾಸನೆ ಬರುವ ಸಿಲಿಕೋನ್ ಇನ್ನೂ ಕೆಟ್ಟದ್ದು. ಅದು ಗಟ್ಟಿಯಾಗುವಾಗ ಬಿಡುವುದು ಅಸೆಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. ತುಕ್ಕು ತಡೆಯಲು ಹೋಗಿ ತಗಡಿಗೆ ಆಮ್ಲ ಬಡಿಸಿದಂತಾಗುತ್ತದೆ. ಪುಟ್ಟಿಯ ಕೆಲಸ ತಗ್ಗು ತುಂಬುವುದು, ಸಂದು ಮುಚ್ಚುವುದಲ್ಲ. ಗಾಡಿ ಓಡುವಾಗ ಸಂದು ಅಲುಗುತ್ತದೆ, ಪುಟ್ಟಿ ಅಲುಗಲಾರದೆ ಸೀಳುತ್ತದೆ. ಮೇಲಾಗಿ ಅದು ತೇವ ಹೀರುತ್ತದೆ. ನಲ್ಲಿ ಸೋರಿದಾಗ ಎರಡು ಉಂಡೆ ನಾದಿ ಹಚ್ಚುವ ಎಪಾಕ್ಸಿಯೂ ಹೀಗೆಯೇ ಅಲುಗಲಾರದೆ ಸೀಳುತ್ತದೆ. ಡಾಂಬರಿನ ಕಪ್ಪು ಬಣ್ಣವನ್ನು ಗಾಡಿಯ ಅಡಿಗೆ ದಪ್ಪಗೆ ಬಳಿದು ‘ಅಂಡರ್‌ಕೋಟಿಂಗ್’ ಆಯಿತು ಎನ್ನುವವರಿದ್ದಾರೆ. ಶುದ್ಧ ತಗಡಿನ ಮೇಲೆ, ಪ್ರೈಮರಿನ ಮೇಲೆ ಅದಕ್ಕೆ ಜಾಗವಿದೆ. ತುಕ್ಕಿನ ಮೇಲೆ ಬಳಿದರೆ ಒಳಗೆ ನಡೆಯುವ ಅನಾಹುತಕ್ಕೆ ಪರದೆ ಎಳೆದಂತೆ. ಬರೀ ತಗಡಿನ ಮೇಲೆ ನೇರವಾಗಿ ಸೀಲರ್ ಹಾಕುವುದೂ ಬೇಡ, ಅದರ ಬುಡದಲ್ಲಿ ಪ್ರೈಮರ್ ಇರಲೇಬೇಕು.

ಕೆಲವು ಸಂದುಗಳನ್ನು ಎಲ್ಲರೂ ಮರೆಯುತ್ತಾರೆ. ಬಾಗಿಲುಗಳ ಮೇಲೆ ಛಾವಣಿಯ ಅಂಚಿಗೆ ಮಳೆನೀರು ಹರಿಯಲೆಂದು ಇರುವ ಸಣ್ಣ ಕಾಲುವೆ, ಅದರ ತಳದಲ್ಲೇ ಛಾವಣಿ ಮತ್ತು ಬದಿಯ ತಗಡು ಕೂಡುತ್ತವೆ. ಅಲ್ಲಿ ಬಿರಿದ ಲೇಪದ ಮೇಲೆ ಬಣ್ಣ ಹೊಡೆದಿದ್ದರೆ ನೀರು ಕಂಬದೊಳಗೆ ಇಳಿದು ಕೆಳಗಿನ ತೊಲೆಯಲ್ಲಿ ತುಂಬುತ್ತದೆ. ತುಕ್ಕು ಕಾಣುವುದು ಕಾಲಬುಡದಲ್ಲಿ, ರೋಗದ ಬೇರು ತಲೆಯ ಮೇಲೆ. ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯ ಸುತ್ತಲಿನದು, ಇಂಜಿನ್ನಿಗೂ ಕಾಲಿಡುವ ಜಾಗಕ್ಕೂ ನಡುವಿನ ಗೋಡೆಯದು, ಬಾಗಿಲಿನ ಕೆಳಅಂಚಿನಲ್ಲಿ ಹೊರತಗಡು ಒಳತಗಡಿನ ಮೇಲೆ ಮಡಚಿಕೊಂಡಿರುವುದು, ಇವೂ ಅಷ್ಟೇ ಮುಖ್ಯ.

ಬಾಗಿಲಿನ ಮಾತು ಬಂದಿದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಬಾಗಿಲ ಗಾಜಿನ ಪಕ್ಕದ ರಬ್ಬರಿನಿಂದ ನೀರು ಒಳಗಿಳಿಯುವುದು ದೋಷವಲ್ಲ. ಕಾರು ಕಟ್ಟಿದವರಿಗೆ ಅದು ಗೊತ್ತಿತ್ತು. ಆದ್ದರಿಂದಲೇ ಬಾಗಿಲ ತಳದಲ್ಲಿ, ತೊಲೆಯ ತಳದಲ್ಲಿ ನೀರು ಹೊರಹೋಗಲು ತೂತುಗಳನ್ನು ಬಿಟ್ಟಿದ್ದಾರೆ. ನಮ್ಮ ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಹಿರಿಯರು ಮಳೆಗೆ ಮುಂಚೆ ಕುಂಬಿಯ ಬುಡದ ಸಂದಿಗೆ ಕರಲು ಮಣ್ಣು ಮೆತ್ತುತ್ತಿದ್ದರು, ಅದೇ ಹೊತ್ತಿಗೆ ನೀರು ಹೊರಬೀಳುವ ದೋಣಿಯಲ್ಲಿ ಕಸ ಕಟ್ಟಿದೆಯೇ ಎಂದು ಕೈ ಹಾಕಿಯೂ ನೋಡುತ್ತಿದ್ದರು. ಕಾರಿಗೂ ಈ ಎರಡೂ ಬೇಕು. ಉತ್ಸಾಹದಲ್ಲಿ ಕಂಡ ಕಂಡ ತೂತಿಗೆಲ್ಲ ಸೀಲರ್ ತುಂಬಿದ ಗಾಡಿ, ಸೀಲರ್ ಮುಟ್ಟದ ಗಾಡಿಗಿಂತ ಬೇಗ ಕೊಳೆಯುತ್ತದೆ. ಕೆಲಸ ಶುರುವಾಗುವ ಮೊದಲೇ ನೀರಿನ ತೂತುಗಳಿಗೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ, ಕಡ್ಡಿ ತೂರಿಸಿಡಿ. ಬಣ್ಣ ಆರಿದ ಮೇಲೆ ಕಡ್ಡಿ ತೆಗೆಯಿರಿ.

ಬಣ್ಣ ಮುಗಿದ ನಂತರ ಇನ್ನೊಂದು ಕೆಲಸ ಉಳಿಯುತ್ತದೆ. ತೊಲೆ, ಕಂಬ, ಬಾಗಿಲುಗಳ ಪೊಳ್ಳಿನೊಳಗೆ ಉದ್ದ ನಳಿಕೆಯಿಂದ ಮೇಣದ ತುಕ್ಕುನಿರೋಧಕ ಸಿಂಪಡಿಸಬೇಕು. ತೆಳ್ಳಗಿರುವಾಗ ಅದು ಸಂದುಗಳೊಳಗೆ ಹರಿದು, ಆಮೇಲೆ ಮೇಣವಾಗಿ ನಿಲ್ಲುತ್ತದೆ. ನೀರನ್ನು ಒಳಗೆಳೆಯುವ ಬಿಡುವೇ ಈಗ ಮೇಣವನ್ನೂ ಒಳಗೆಳೆದುಕೊಳ್ಳುತ್ತದೆ. ಬಿಸಿಲು ಬಲವಾಗಿರುವ ದಿನ ಮಾಡಿದರೆ ಚೆನ್ನಾಗಿ ಹರಿಯುತ್ತದೆ. ಸುಟ್ಟ ಇಂಜಿನ್ ಆಯಿಲನ್ನು ಇದಕ್ಕೆ ಬಳಸುವ ರೂಢಿ ಹಲವು ಕಡೆ ಇದೆ. ಅದರಲ್ಲಿ ಆಮ್ಲದ ಅಂಶ ಸೇರಿರುತ್ತದೆ, ರಬ್ಬರನ್ನು ಉಬ್ಬಿಸುತ್ತದೆ, ತೊಟ್ಟಿಕ್ಕಿ ಅಂಗಳ ಕೆಡಿಸುತ್ತದೆ. ಬೇಡ.

ಪರೀಕ್ಷೆ ಸುಲಭ. ಒಳಗಿನ ಮ್ಯಾಟ್ ಹಾಕುವ ಮೊದಲು ನೆಲದ ಮೇಲೆಲ್ಲ ಹಳೆಯ ದಿನಪತ್ರಿಕೆ ಹಾಸಿ, ಹೊರಗಿನಿಂದ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಂದಿಗೆ ನೀರು ಬಿಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲಿಂದ ಸೋರಿತು ಎಂಬುದು ತಿಳಿಯುವುದಿಲ್ಲ. ಒದ್ದೆಯಾದ ಕಾಗದ ಜಾಗ ತೋರಿಸುತ್ತದೆ.

ಋತುವಿನ ವಿಷಯದಲ್ಲಿ ರಾಜಿ ಬೇಡ. ತಗಡು ಬರಿಮೈಯಲ್ಲಿರುವ ಹಂತದ ಕೆಲಸವನ್ನು ಯುಗಾದಿಯ ಆಸುಪಾಸಿನಲ್ಲಿ ಹಿಡಿದು ಮಿರಗ ಹುಟ್ಟುವುದರೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ಸಂಜೆ ಉಜ್ಜಿಟ್ಟ ತಗಡು ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತದೆ. ಆ ತೆಳು ತುಕ್ಕಿನ ಮೇಲೆ ಪ್ರೈಮರ್ ಹೊಡೆದರೆ ಮಾಡಿದ್ದೆಲ್ಲ ವ್ಯರ್ಥ.

ಮೂಲರೂಪದ ಬಗ್ಗೆ ಆಸ್ಥೆಯಿರುವ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ: 1974ರ ಕಾರಿಗೆ ಇಂದಿನ ಪಾಲಿಯುರೆಥೇನ್ ಹಚ್ಚಿದರೆ ಅದು ಮೂಲದಂತೆ ಉಳಿಯಿತೇ? ಅವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಒಪ್ಪುವುದಿಲ್ಲ. 2021ರ ನಿಯಮ ಕೇಳುವುದು ಚಾಸಿ, ಮೈ, ಇಂಜಿನ್ ಬದಲಾಗಿರಬಾರದೆಂದು. ಅಂದಿನ ಪ್ರೆಸ್ಸಿನಿಂದ ಬಂದ ತಗಡೇ ಈ ಗಾಡಿಯ ಮೂಲ. ಪದ್ಮಿನಿ ತಯಾರಿಕೆ ಸುಮಾರು 2000ದಲ್ಲೇ ನಿಂತಿತು, ಅಂಬಾಸಿಡರ್ 2014ರಲ್ಲಿ. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಹೊಸ ಮೈತಗಡು ಕಾರ್ಖಾನೆಯಿಂದ ಬರುವ ಕಾಲ ಮುಗಿದಿದೆ. ಕಣ್ಣಿಗೆ ಬೀಳದ, ಬಣ್ಣದ ಅಡಿಯಲ್ಲಿ ಅಡಗುವ ಸೀಲರ್ ಆ ತಗಡನ್ನು ಇನ್ನೊಂದು ಮೂವತ್ತು ವರ್ಷ ಉಳಿಸುವುದಾದರೆ ಅದು ಮೂಲಕ್ಕೆ ಮಾಡಿದ ಸೇವೆ. ಡಿಕ್ಕಿಯೊಳಗೆ, ಬಾನೆಟ್ಟಿನಡಿ ಸೀಲರ್ ಕಾಣುವ ಕಡೆ, ಬಿಚ್ಚುವ ಮೊದಲೇ ಹಳೆಯ ಲೇಪದ ಫೋಟೋ ತೆಗೆದಿಟ್ಟು, ಅದೇ ಅಗಲಕ್ಕೆ, ಅದೇ ಬ್ರಷ್ಷಿನ ಗೆರೆಗಳೊಂದಿಗೆ ಹಚ್ಚಿಸಿ. ಒಳ್ಳೆಯ ಕೈಯಿರುವ ಉಸ್ತಾದರಿಗೆ ಅದು ಕಷ್ಟವಲ್ಲ.

ಕಷ್ಟವಿರುವುದು ಕೂಲಿಯ ಲೆಕ್ಕದಲ್ಲಿ. ಸಂದಿನ ಕೆಲಸ ನಿಧಾನದ್ದು, ಮುಗಿದ ಮೇಲೆ ಕಾಣುವಂಥದ್ದಲ್ಲ. ಕಾಣದ ಕೆಲಸಕ್ಕೆ ಹಣ ಕೊಡಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ, ಹಾಗಾಗಿ ಗ್ಯಾರೇಜಿನವರೂ ಅದನ್ನು ಹಾರಿಸಿ ನೇರ ಪುಟ್ಟಿಗೆ ಬರುತ್ತಾರೆ. ಗಾಡಿ ಬಿಡುವ ದಿನವೇ ಸಂದಿನ ಕೆಲಸಕ್ಕೆ ಬೇರೆ ಕೂಲಿ ಮಾತಾಡಿ, ಚೀಟಿಯಲ್ಲಿ ಬೇರೆಯಾಗಿ ಬರೆಸಿ. ಬೆಸುಗೆ ಮುಗಿದಾಗ ಒಮ್ಮೆ, ಪ್ರೈಮರ್ ಆದಾಗ ಒಮ್ಮೆ, ಸೀಲರ್ ಆರಿದಾಗ ಒಮ್ಮೆ ಗ್ಯಾರೇಜಿಗೆ ಹೋಗಿ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ. ಆ ಮೂರೂ ಆಗುವವರೆಗೆ ಬಣ್ಣದ ಡಬ್ಬಿಗೆ ಮುಂಗಡ ಕೊಡಬೇಡಿ.